ನಂದಿಬೆಟ್ಟದಲ್ಲಿ ಕುದಿಯುವ ಟರ್ಬೊ ಝೆನ್: ದಪ್ಪ ರೇಡಿಯೇಟರ್ ಬೇಕಾ?

ಪ್ರಶ್ನೆ: ನನ್ನ ಹತ್ತಿರ 2002ರ ಮಾರುತಿ ಝೆನ್ ಇದೆ. ಪೆಟ್ರೋಲ್, ಎಂಪಿಎಫ್‌ಐ (ಪ್ರತಿ ಸಿಲಿಂಡರ್‌ಗೂ ಬೇರೆ ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ). ಆಟೋಕ್ರಾಸ್ (ಮೈದಾನದಲ್ಲಿ ನಡೆಯುವ ಕಾರು ಓಟದ ಸ್ಪರ್ಧೆ) ಆಸೆಯಿಂದ ಚಿಂತಾಮಣಿಯಲ್ಲಿ ಗೆಳೆಯನ ಗ್ಯಾರೇಜಿನಲ್ಲಿ ಸಣ್ಣ ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ತುಂಬುವ ಪಂಪು) ಕೂರಿಸಿದ್ದೇವೆ. ಟರ್ಬೊದಿಂದ ಬರುವ ಬಿಸಿಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ರೇಡಿಯೇಟರ್ ಮುಂದೆಯೇ ಇದೆ. ಹೈವೇಯಲ್ಲಿ ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ನಿಲ್ಲುತ್ತದೆ. ನಂದಿಬೆಟ್ಟ ಹತ್ತಿದರೆ ಅರ್ಧ ದಾರಿಗೇ ಕೆಂಪು ಗೆರೆ ಮುಟ್ಟುತ್ತದೆ. ನೀರು ಬಿಸಿಯಾದ ಮೇಲೆ ರೇಡಿಯೇಟರ್ ದಾರಿ ತೆರೆಯುವ ಥರ್ಮೋಸ್ಟಾಟ್ ತೆಗೆಸಿದ್ದಾಯಿತು, ಪ್ರಯೋಜನ ಆಗಲಿಲ್ಲ. ಈಗ 52 ಮಿಲಿಮೀಟರ್ ದಪ್ಪದ ಪೂರ್ತಿ ಅಲ್ಯೂಮಿನಿಯಂ ರೇಡಿಯೇಟರ್ ಒಂದನ್ನು ನೋಡಿಟ್ಟಿದ್ದೇವೆ. ತಗೊಳ್ಳಬಹುದಾ? ನಮ್ಮ ಗುರಿ 90 ಬಿಎಚ್‌ಪಿ (ಅಶ್ವಶಕ್ತಿ).

ಉತ್ತರ: ದುಡ್ಡು ಇನ್ನೂ ಕೊಟ್ಟಿಲ್ಲ ತಾನೇ? ಹಾಗಿದ್ದರೆ ಒಂದು ವಾರ ತಡೆಯಿರಿ.

ನಿಮ್ಮ ಪ್ರಶ್ನೆಯಲ್ಲೇ ಮುಕ್ಕಾಲು ಉತ್ತರ ಇದೆ. ಹೈವೇಯಲ್ಲಿ ಬಿಸಿಯಾಗಲ್ಲ, ಬೆಟ್ಟದಲ್ಲಿ ಆಗುತ್ತದೆ ಅಂದಿದ್ದೀರಿ. ರೇಡಿಯೇಟರ್ ನಿಜವಾಗಲೂ ಸಣ್ಣದಾಗಿದ್ದರೆ ಅಥವಾ ಒಳಗೆ ಕಟ್ಟಿಕೊಂಡಿದ್ದರೆ ಮೊದಲು ಬಿಸಿಯಾಗಬೇಕಿದ್ದದ್ದು ಹೈವೇಯಲ್ಲಿ. ಅಲ್ಲಿ ಎಂಜಿನ್ ಸುಡುವ ಪೆಟ್ರೋಲ್ ಜಾಸ್ತಿ, ಹುಟ್ಟುವ ಬಿಸಿಯೂ ಜಾಸ್ತಿ. ಆದರೆ ಗಾಳಿ ತಾನಾಗಿಯೇ ನುಗ್ಗುತ್ತದೆ. ಬೆಟ್ಟದಲ್ಲಿ ಎರಡನೇ ಗೇರಿನಲ್ಲಿ ಗಂಟೆಗೆ 25 ಕಿಲೋಮೀಟರ್‌ನಂತೆ ಹೋಗುವಾಗ ಗಾಳಿ ತಾನಾಗಿ ಬರಲ್ಲ, ಫ್ಯಾನ್ ಎಳೆದುಕೊಳ್ಳಬೇಕು. ವೇಗದಲ್ಲಿ ಬಿಸಿಯಾದರೆ ನೀರಿನ ಕಡೆ ನೋಡಿ, ನಿಧಾನದಲ್ಲಿ ಬಿಸಿಯಾದರೆ ಗಾಳಿಯ ಕಡೆ ನೋಡಿ. ಗ್ಯಾರೇಜಿಗೆ ಹೊಸದಾಗಿ ಸೇರಿದ ಹುಡುಗರಿಗೆ ನಾನು ಮೊದಲು ಹೇಳಿಕೊಡುವ ಮಾತು ಇದೇ.

ಒಂದು ಲೆಕ್ಕ ಹಾಕೋಣ. ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ 1,478 ಮೀಟರ್. ಬುಡದಿಂದ ಏರಬೇಕಾದದ್ದು ಹೆಚ್ಚುಕಡಿಮೆ 550 ಮೀಟರ್ ಅಂತ ಇಟ್ಟುಕೊಳ್ಳಿ. ಕಾರು, ಇಬ್ಬರು ಜನ, ಸೇರಿಸಿದ ಸಾಮಾನು ಎಲ್ಲ ಕೂಡಿ 950 ಕಿಲೊ. ಇಷ್ಟು ಭಾರವನ್ನು ಕಾಲು ಗಂಟೆಯಲ್ಲಿ ಅಷ್ಟು ಎತ್ತರಕ್ಕೆ ಎತ್ತಲು ಬೇಕಾಗುವ ಶಕ್ತಿ ಆರು ಕಿಲೊವ್ಯಾಟ್‌ಗಿಂತ ಸ್ವಲ್ಪ ಕಡಿಮೆ. ಟೈರು, ಗೇರ್‌ಬಾಕ್ಸ್ ತಿನ್ನುವುದನ್ನು ಸೇರಿಸಿದರೂ ಎಂಟು ಕಿಲೊವ್ಯಾಟ್. ಅಂದರೆ ಹನ್ನೊಂದು ಕುದುರೆ. ನಿಮ್ಮ 90 ಕುದುರೆಗಳಲ್ಲಿ ಬೆಟ್ಟ ಹತ್ತುವಾಗ ದುಡಿಯುವುದು ಹನ್ನೊಂದೇ, ಉಳಿದವು ಲಾಯದಲ್ಲಿ ಹುಲ್ಲು ಮೇಯುತ್ತಿರುತ್ತವೆ! ಟರ್ಬೊ ಕೂರಿಸಿದ ಮಾತ್ರಕ್ಕೆ ಬಿಸಿ ಜಾಸ್ತಿ ಆಗಲ್ಲ. ಕಾಲು ಒತ್ತಿ ಆ ಶಕ್ತಿಯನ್ನು ಬಳಸಿದಾಗ ಮಾತ್ರ ಆಗುತ್ತದೆ. ಮೊದಲಿನ ವೇಗದಲ್ಲೇ ಬೆಟ್ಟ ಹತ್ತಿದರೆ ಬಿಸಿಯೂ ಹೆಚ್ಚುಕಡಿಮೆ ಮೊದಲಿನಷ್ಟೇ.

ಇನ್ನು ಆ ಬಿಸಿ ಹೊರಗೆ ಹೋಗಬೇಕಲ್ಲ. ಪೆಟ್ರೋಲ್ ಉರಿದ ಬಿಸಿಯನ್ನು ಸ್ಥೂಲವಾಗಿ ಮೂರು ಪಾಲು ಮಾಡಬಹುದು. ಒಂದು ಪಾಲು ಕೆಲಸಕ್ಕೆ, ಒಂದು ಸೈಲೆನ್ಸರ್‌ಗೆ, ಒಂದು ನೀರಿಗೆ. ಎಂಜಿನ್ ಅರೆಬರೆ ದುಡಿಯುವಾಗ ನೀರಿನ ಪಾಲು ಇನ್ನೂ ಜಾಸ್ತಿ. ಬೆಟ್ಟದಲ್ಲಿ ನೀರಿಗೆ 12 ಕಿಲೊವ್ಯಾಟ್ ಬೀಳುತ್ತದೆ ಅಂದುಕೊಳ್ಳಿ. ಹಾದುಹೋಗುವ ಗಾಳಿ 30 ಡಿಗ್ರಿ ಬಿಸಿಯಾಗಿ ಆಚೆ ಹೋದರೆ, ಸೆಕೆಂಡಿಗೆ ಸುಮಾರು 400 ಲೀಟರ್ ಗಾಳಿ ಬೇಕು. ಅಂದರೆ ಪ್ರತಿ ಸೆಕೆಂಡಿಗೂ ಎರಡು ಡ್ರಮ್ ಗಾಳಿ. ಸರಿಯಾಗಿ ಕೂರಿಸಿದ, ಸುತ್ತಲೂ ಶ್ರೌಡ್ (ಗಾಳಿ ಪಕ್ಕಕ್ಕೆ ಸೋರದಂತೆ ತಡೆಯುವ ಕವಚ) ಇರುವ ಸಾಧಾರಣ ಫ್ಯಾನ್ ಇಷ್ಟನ್ನು ಎಳೆಯುತ್ತದೆ. ನಿಮ್ಮದು ಎಳೆಯುತ್ತಿಲ್ಲ ಅಂತ ನನ್ನ ಅನುಮಾನ.

ಈಗ ಆ 52 ಮಿಲಿಮೀಟರ್ ವಿಷಯ. ರೇಡಿಯೇಟರ್ ದಪ್ಪ ಎರಡು ಪಟ್ಟಾದರೆ ತಂಪೂ ಎರಡು ಪಟ್ಟು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಾಗಲ್ಲ. ತಣ್ಣಗೆ ಬಂದ ಗಾಳಿ ಮುಂದಿನ ಸಾಲಿನ ಟ್ಯೂಬ್‌ಗಳಲ್ಲೇ ಬಹುಪಾಲು ಬಿಸಿ ಹೀರಿಕೊಳ್ಳುತ್ತದೆ. ಹಿಂದಿನ ಸಾಲಿಗೆ ಬರುವ ಹೊತ್ತಿಗೆ ಅದೇ ಬಿಸಿಗಾಳಿ. ಮೊದಲ ಪಂಕ್ತಿಯಲ್ಲಿ ಹೊಟ್ಟೆ ತುಂಬಾ ಉಂಡವನನ್ನು ಮೂರನೇ ಪಂಕ್ತಿಗೂ ಕೂರಿಸಿ ಬಡಿಸಿದ ಹಾಗೆ. ಎಷ್ಟು ತಿಂದಾನು? ಇನ್ನೊಂದು ಕಡೆ, ದಪ್ಪ ಕೋರ್ (ರೇಡಿಯೇಟರ್ ನಡುವಿನ ಟ್ಯೂಬ್, ತಗಡುಗಳ ಜಾಲರಿ) ಗಾಳಿಯನ್ನು ತಡೆಯುವುದೂ ಜಾಸ್ತಿ. ವೇಗದಲ್ಲಿ ಅದು ಅಷ್ಟಾಗಿ ಗೊತ್ತಾಗಲ್ಲ. ನಿಧಾನದಲ್ಲಿ ಬಡಪಾಯಿ ಫ್ಯಾನಿಗೆ ಅದು ಗೋಡೆಯ ಹಾಗೆ. ನಿಮ್ಮ ತೊಂದರೆ ಇರುವುದೇ ನಿಧಾನದಲ್ಲಿ.

ಈ ಪಾಠವನ್ನು ನಾನೂ ದುಡ್ಡು ಕೊಟ್ಟೇ ಕಲಿತೆ. ಕೋಲಾರದಲ್ಲಿ ಗ್ಯಾರೇಜ್ ಶುರು ಮಾಡಿದ ಹೊಸದರಲ್ಲಿ ನನ್ನ ಸ್ವಂತ ಕಾರಿಗೆ ದಪ್ಪ ಕೋರ್ ಹಾಕಿಸಿದೆ. ಜಾಗ ಸಾಲಲಿಲ್ಲ. ಶ್ರೌಡ್ ಕಿತ್ತು ಮೂಲೆಗೆಸೆದು, ತೆಳು ಫ್ಯಾನ್ ಒಂದನ್ನು ನೇರ ಕೋರ್‌ಗೇ ಒತ್ತಿ ಕಟ್ಟಿದೆ. ಹೈವೇಯಲ್ಲಿ ಬೆಣ್ಣೆ ಹಾಗೆ ಹೋಯಿತು. ಹೊಸಕೋಟೆ ಟ್ರಾಫಿಕ್‌ಗೆ ಬಂದು ನಿಂತ ಹತ್ತೇ ನಿಮಿಷಕ್ಕೆ ಬಾನೆಟ್ ಸಂದಿಯಿಂದ ಹೊಗೆ. ಹಳೇ ರೇಡಿಯೇಟರ್ ಇದ್ದಾಗ ಒಂದು ದಿನವೂ ಹೀಗಾಗಿರಲಿಲ್ಲ.

ಹಾಗಾಗಿ ಮೊದಲು ಫ್ಯಾನ್ ನೋಡಿ. ಒಂದು ಹಳೇ ಪೇಪರ್ ಹಾಳೆ ತಗೊಳ್ಳಿ. ಫ್ಯಾನ್ ಓಡುವಾಗ ಇಂಟರ್‌ಕೂಲರ್ ಮುಂದೆ ಹಿಡಿಯಿರಿ. ನಾಲ್ಕು ಮೂಲೆಯಲ್ಲೂ ಮಧ್ಯದಲ್ಲೂ ಅಂಟಿಕೊಳ್ಳಬೇಕು. ಮಧ್ಯದಲ್ಲಿ ಮಾತ್ರ ಅಂಟಿದರೆ ಶ್ರೌಡ್ ಇಲ್ಲ ಅಥವಾ ಸೋರುತ್ತಿದೆ ಅಂತ ಅರ್ಥ. ಆಗ ಗಾಳಿ ಹೋಗುವುದು ಫ್ಯಾನ್ ಎದುರಿನ ದುಂಡು ಜಾಗದಲ್ಲಿ ಮಾತ್ರ. ಕೋರ್‌ನ ಉಳಿದ ಭಾಗ ಸುಮ್ನೆ ಅಲಂಕಾರಕ್ಕೆ. ಹಾಳೆ ಅಂಟುವ ಬದಲು ಹಾರಿಹೋದರೆ ಫ್ಯಾನ್ ಉಲ್ಟಾ ತಿರುಗುತ್ತಿದೆ. ನಗಬೇಡಿ, ಹೊರಗಡೆ ಫ್ಯಾನ್ ಹಾಕುವಾಗ ಎರಡು ವೈರ್ ಅದಲುಬದಲಾಗಿ ಬಂದ ಕಾರುಗಳನ್ನು ನಾನು ಒಂದಕ್ಕಿಂತ ಜಾಸ್ತಿ ನೋಡಿದ್ದೇನೆ. ಫ್ಯಾನ್ ಮೋಟಾರ್ ತುದಿಯಲ್ಲಿ ವೋಲ್ಟೇಜ್ ಕೂಡ ಅಳೆಯಿರಿ. ಬ್ಯಾಟರಿಯಲ್ಲಿ 13.5 ಇದ್ದು ಮೋಟಾರ್‌ಗೆ 11 ಬರುತ್ತಿದ್ದರೆ ವೈರ್ ಸಣ್ಣದು ಅಥವಾ ಅರ್ಥಿಂಗ್ ಸರಿಯಿಲ್ಲ. ದಪ್ಪ ವೈರ್, ಬೇರೆ ರಿಲೇ, ಒಳ್ಳೆ ಫ್ಯೂಸ್ ಹಾಕಿ. ಫ್ಯಾನ್ ಬ್ಲೇಡಿಗೂ ಕೋರ್‌ಗೂ ಎರಡು ಸೆಂಟಿಮೀಟರ್ ಆದರೂ ಅಂತರ ಇರಲಿ. ಫ್ಯಾನ್ ಇರಬೇಕಾದದ್ದು ಕೋರ್ ಹಿಂದೆ, ಎಂಜಿನ್ ಕಡೆ. ಮುಂದಿನಿಂದ ತಳ್ಳುವ ಫ್ಯಾನ್ ತಾನೇ ಗಾಳಿಗೆ ಅಡ್ಡ ನಿಲ್ಲುತ್ತದೆ.

ಆಮೇಲೆ ಇಂಟರ್‌ಕೂಲರ್. ಇದೇ ನಿಮ್ಮ ಕಾರಿನ ಮುಖ್ಯ ಕಳ್ಳ ಅಂತ ನನಗನ್ನಿಸುತ್ತದೆ. ಏಪ್ರಿಲ್‌ನಲ್ಲಿ ಹೊರಗಿನ ಗಾಳಿ 35 ಡಿಗ್ರಿ, ರೇಡಿಯೇಟರ್ ನೀರು 95 ಡಿಗ್ರಿ ಅಂದರೆ ನಡುವೆ 60 ಡಿಗ್ರಿ ಅಂತರ. ಈ ಅಂತರವೇ ರೇಡಿಯೇಟರ್‌ನ ಬಂಡವಾಳ. ಎಸಿ ಕಂಡೆನ್ಸರ್ (ಎಸಿಯ ಬಿಸಿ ಹೊರಹಾಕುವ ಜಾಲರಿ), ಇಂಟರ್‌ಕೂಲರ್ ಎರಡನ್ನೂ ದಾಟಿ ಬಂದ ಗಾಳಿ 50 ಡಿಗ್ರಿ ಆಗಿದ್ದರೆ ಅಂತರ 45ಕ್ಕೆ ಇಳಿಯಿತು. ಬಂಡವಾಳದಲ್ಲಿ ಕಾಲು ಭಾಗ ಹೋಯಿತು. ಗಾಳಿ ಕಡಿಮೆಯಾದದ್ದು ಬೇರೆ. ಸಾಧ್ಯವಿದ್ದರೆ ಸಣ್ಣ ಇಂಟರ್‌ಕೂಲರ್ ಒಂದನ್ನು ಬಂಪರ್‌ನ ಒಂದು ಪಕ್ಕಕ್ಕೆ, ಚಕ್ರದ ಮುಂದಿನ ಜಾಗಕ್ಕೆ ಸರಿಸಿ. ಆಗಲ್ಲ ಅಂದರೆ ಕೆಳಗಿನ ಅರ್ಧಕ್ಕೆ ಮಾತ್ರ ಅಡ್ಡ ಬರುವ ಹಾಗೆ ಕೂರಿಸಿ. ಬೆಟ್ಟ ಹತ್ತುವಾಗ ಎಸಿ ಆಫ್ ಮಾಡಿ. ನಂದಿಯಲ್ಲಿ ಕಿಟಕಿ ಇಳಿಸಿದರೆ ಎಸಿ ಯಾಕೆ ಬೇಕು ಹೇಳಿ?

ಇದಕ್ಕಿಂತ ಅಗ್ಗದ ಕೆಲಸ ಇನ್ನೊಂದಿದೆ. ಅದನ್ನು ಯಾರೂ ಮಾಡಲ್ಲ. ಬಂಪರ್ ಬಾಯಿಂದ ರೇಡಿಯೇಟರ್‌ವರೆಗೆ ಪಕ್ಕ, ಮೇಲೆ, ಕೆಳಗೆ ಸಂದಿ ಇದ್ದರೆ ಗಾಳಿ ಅಲ್ಲೇ ನುಸುಳಿ ಹೋಗುತ್ತದೆ. ಗಾಳಿಗೆ ಕೋರ್ ಒಳಗೆ ತೂರಿ ಹೋಗುವ ಹಟ ಏನಿಲ್ಲ, ಸಲೀಸಾದ ದಾರಿ ಹುಡುಕುತ್ತದೆ. ಇಂಟರ್‌ಕೂಲರ್ ಕೂರಿಸುವಾಗ ನಿಮ್ಮವರು ಪ್ಲಾಸ್ಟಿಕ್ ತುಂಡುಗಳನ್ನು ಕತ್ತರಿಸಿರುತ್ತಾರೆ, ಅಲ್ವಾ? ರಬ್ಬರ್ ಶೀಟ್, ತೆಳು ಅಲ್ಯೂಮಿನಿಯಂ ತಗಡು, ಫೋಮ್ ಪಟ್ಟಿ ತಂದು ಎಲ್ಲ ಸಂದಿ ಮುಚ್ಚಿ. ಒಂದು ಮಧ್ಯಾಹ್ನದ ಕೆಲಸ. ಎಂಜಿನ್ ಕೆಳಗಿನ ಕವರ್ ಕಿತ್ತಿದ್ದರೆ ಅದನ್ನೂ ವಾಪಸ್ ಹಾಕಿ. ಅದು ಇಲ್ಲದಿದ್ದರೆ ಕೆಳಗಿನ ಗಾಳಿ ಎಂಜಿನ್ ಕೋಣೆಗೆ ನುಗ್ಗಿ, ರೇಡಿಯೇಟರ್ ಹಿಂದೆ ಒತ್ತಡ ಏರುತ್ತದೆ. ಆಗ ಮುಂದಿನ ಗಾಳಿ ಒಳಗೆ ಬರಲು ಕಷ್ಟ.

ನಮ್ಮ ಕಡೆಯದೇ ಆದ ಒಂದು ತೊಂದರೆ ಹೇಳುತ್ತೇನೆ. ಸುಗ್ಗಿಯಲ್ಲಿ ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು ಕಡೆ ಹಳ್ಳಿ ರಸ್ತೆಗಳೇ ಕಣ. ರಾಗಿ, ಹುರುಳಿ ಹರಡಿರುತ್ತಾರೆ, ನಾವು ಅದರ ಮೇಲೆ ಓಡಿಸಿಕೊಂಡು ಹೋಗುತ್ತೇವೆ. ಹೊಟ್ಟು, ಧೂಳು ಎಲ್ಲ ಹೋಗಿ ಕೂರುವುದು ರೇಡಿಯೇಟರ್ ಫಿನ್‌ಗಳಲ್ಲಿ, ಅಂದರೆ ಟ್ಯೂಬ್‌ಗಳ ನಡುವಿನ ತೆಳು ತಗಡುಗಳಲ್ಲಿ. ಮುಂದೆ ಕಂಡೆನ್ಸರ್, ಇಂಟರ್‌ಕೂಲರ್ ಇರುವ ಕಾರಿನಲ್ಲಿ ಕಸ ಇವುಗಳ ನಡುವಿನ ಸಂದಿಯಲ್ಲಿ ಸೇರಿಕೊಳ್ಳುತ್ತದೆ. ಹೊರಗಿನಿಂದ ನೋಡಿದರೆ ಚೊಕ್ಕಟ. ಒಮ್ಮೆ ಒಂದು ಕಾರಿನ ಇಂಟರ್‌ಕೂಲರ್ ಬಿಚ್ಚಿದಾಗ ಹಿಂದೆ ಕಂಬಳಿ ಹೊದೆಸಿದ ಹಾಗೆ ಹೊಟ್ಟು ಇತ್ತು. ಎಂಜಿನ್ ಕಡೆಯಿಂದ ಮುಂದಕ್ಕೆ, ಸಾಧಾರಣ ಪೈಪಿನ ನೀರಿನಲ್ಲಿ ತೊಳೆಯಿರಿ. ಸರ್ವಿಸ್ ಸ್ಟೇಷನ್ ಪ್ರೆಷರ್ ಗನ್ ಹಿಡಿದರೆ ಫಿನ್ ಮಲಗಿಬಿಡುತ್ತವೆ.

ಫಿನ್ ಮಾತು ಬಂತು. ಹೊಸ ರೇಡಿಯೇಟರ್ ಕೊಳ್ಳುವ ದಿನ ಬಂದರೆ ಫಿನ್ ತುಂಬಾ ಒತ್ತಾಗಿ ಇರುವುದನ್ನು ಬಿಡಿ. ಅಂಗಡಿಯಲ್ಲಿ ನೋಡಲು ಚೆನ್ನ, ನಮ್ಮ ಧೂಳಿಗೆ ಆಗಿಬರಲ್ಲ. ಇಂಚಿಗೆ 12ರಿಂದ 14 ಫಿನ್ ಸಾಕು.

ಈಗ ನೀರು. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಗಳಲ್ಲಿ ಸಾವಿರ ಅಡಿ ದಾಟಿದ ಬೋರ್‌ವೆಲ್ ಸಾಮಾನ್ಯ. ಆ ನೀರಿನಲ್ಲಿ ಬೇಳೆ ಬೇಯಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಗೀಸರ್ ಕಾಯಿಲ್ ಮೇಲೆ ಬಿಳಿ ಸುಣ್ಣ ಕಟ್ಟುವುದನ್ನೂ ನೋಡಿರುತ್ತೀರಿ. ಆದರೂ ರೇಡಿಯೇಟರ್‌ಗೆ ಮಾತ್ರ ಅದೇ ನೀರು ತುಂಬುತ್ತೇವೆ. ಆ ಸುಣ್ಣ ಬಿಸಿ ಬಿಡಲ್ಲ. ಮೊದಲು ಕಟ್ಟುವುದೂ ಎಂಜಿನ್‌ನಲ್ಲಿ ತುಂಬಾ ಬಿಸಿಯಾದ ಕಡೆ, ಅಂದರೆ ಸಿಲಿಂಡರ್ ಹೆಡ್ ಒಳಗೆ. ಟರ್ಬೊ ಎಂಜಿನ್‌ಗೆ ತಂಪು ಎಲ್ಲಕ್ಕಿಂತ ಜಾಸ್ತಿ ಬೇಕಾದದ್ದು ಅಲ್ಲೇ. ಡಿಸ್ಟಿಲ್ಡ್ ವಾಟರ್ ಕ್ಯಾನ್ ತನ್ನಿ, ಒಳ್ಳೆ ಕೂಲೆಂಟ್ ಬೆರೆಸಿ. ಕೂಲೆಂಟ್ ಮೂರನೇ ಒಂದು ಪಾಲು ಇದ್ದರೆ ನಮ್ಮ ಹವೆಗೆ ಸಾಕು. ಅರ್ಧಕ್ಕರ್ಧ ಅನ್ನುವುದು ನೀರು ಹೆಪ್ಪುಗಟ್ಟುವ ಊರಿನವರ ಲೆಕ್ಕ. ಬಿಸಿ ಹೊರುವುದರಲ್ಲಿ ಕೂಲೆಂಟ್‌ಗಿಂತ ನೀರೇ ಮುಂದು. ಹಾಗಂತ ಬರೀ ನೀರು ಬೇಡ, ತುಕ್ಕು ತಡೆಯುವ ಗುಣ ಇರುವುದು ಕೂಲೆಂಟ್‌ನಲ್ಲಿ.

ರೇಡಿಯೇಟರ್ ಕ್ಯಾಪ್ ಹೊಸದು ಹಾಕಿ, ಹಳೆಯದರ ಮೇಲೆ ನಂಬಿಕೆ ಬೇಡ. ನಂದಿಬೆಟ್ಟದ ತುದಿಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. 0.9 ಗುರುತಿನ ಕ್ಯಾಪ್ ಒತ್ತಡ ಹಿಡಿದಿಟ್ಟರೆ ಇನ್ನೂ ಇಪ್ಪತ್ತು ಡಿಗ್ರಿ ಚಿಲ್ಲರೆ ಮೇಲಕ್ಕೆ ಹೋಗುತ್ತದೆ. ಕ್ಯಾಪ್ ರಬ್ಬರ್ ಹೋಗಿದ್ದರೆ ಈ ಇಪ್ಪತ್ತು ಡಿಗ್ರಿಯೂ ಹೋಯಿತು, ರೇಡಿಯೇಟರ್ ಎಷ್ಟೇ ದೊಡ್ಡದಿರಲಿ.

“ಅಣ್ಣ, ಥರ್ಮೋಸ್ಟಾಟ್ ಕಿತ್ತಾಕಿದ್ದೀನಿ, ಇನ್ನು ಹೀಟೇ ಆಗಲ್ಲ” ಅನ್ನುವ ಮಾತನ್ನು ಕೋಲಾರದಿಂದ ತುಮಕೂರಿನವರೆಗೆ ಕೇಳಿದ್ದೇನೆ. ದಯವಿಟ್ಟು ವಾಪಸ್ ಹಾಕಿಸಿ. ಪೂರ್ತಿ ತೆರೆದ ಥರ್ಮೋಸ್ಟಾಟ್ ನೀರಿಗೆ ಅಂಥ ದೊಡ್ಡ ಅಡ್ಡಿ ಏನಲ್ಲ. ಅದು ಇಲ್ಲದಿದ್ದರೆ ಬೆಳಗ್ಗೆ ಎಂಜಿನ್ ಬಿಸಿಯಾಗಲು ತುಂಬಾ ಹೊತ್ತು ಬೇಕು. ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಇಸಿಯು (ಎಂಜಿನ್ ಕಂಪ್ಯೂಟರ್) ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ರಿಂಗ್ ಸವೆಯುತ್ತದೆ. ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ದಾರಿ ಮುಚ್ಚುವುದೂ ಅದೇ ಥರ್ಮೋಸ್ಟಾಟ್. ಅದನ್ನು ಕಿತ್ತರೆ ಬಿಸಿನೀರಿನ ಒಂದು ಪಾಲು ರೇಡಿಯೇಟರ್ ಕಡೆಗೆ ಹೋಗದೆ ತಿರುಗಿ ಎಂಜಿನ್‌ಗೇ ಬರುತ್ತದೆ. 82 ಡಿಗ್ರಿಗೆ ತೆರೆಯುವುದು ನಿಮಗೆ ಸರಿ.

ಇನ್ನೊಂದು ಅನುಮಾನವನ್ನು ಮೊದಲೇ ತೀರಿಸಿಕೊಳ್ಳಿ. ಟರ್ಬೊ ಇಲ್ಲದೆ ಹುಟ್ಟಿದ ಎಂಜಿನ್‌ಗೆ ಟರ್ಬೊ ಕೂರಿಸಿದಾಗ ಹೆಡ್ ಗ್ಯಾಸ್ಕೆಟ್ (ಸಿಲಿಂಡರ್ ಹೆಡ್ ಕೆಳಗಿನ ಸೀಲು) ಬಿಡುವುದು ಸಾಮಾನ್ಯ. ಬೆಳಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ. ಎರಡು ನಿಮಿಷದೊಳಗೆ ಮೇಲಿನ ಹೋಸ್ ಕಲ್ಲಿನ ಹಾಗೆ ಗಟ್ಟಿಯಾದರೆ, ಅಥವಾ ನೀರಿನ ಬಾಟಲಿಯಲ್ಲಿ ನಿಲ್ಲದೆ ಗುಳ್ಳೆ ಬಂದರೆ, ಸುಟ್ಟ ಗ್ಯಾಸ್ ನೀರಿಗೆ ನುಗ್ಗುತ್ತಿದೆ. ನೀಲಿಯಿಂದ ಹಳದಿಗೆ ತಿರುಗುವ ದ್ರವ ಹಾಕಿ ಮಾಡುವ ಪರೀಕ್ಷೆ ಇದೆ, ಅದರಲ್ಲಿ ಖಾತ್ರಿಯಾಗುತ್ತದೆ. ಹಾಗಿದ್ದರೆ ಲಾರಿ ರೇಡಿಯೇಟರ್ ತಂದು ಕೂರಿಸಿದರೂ ಕುದಿಯುವುದು ನಿಲ್ಲಲ್ಲ. ಟ್ಯೂನಿಂಗ್ ಕೂಡ ನೋಡಿಸಿ. ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ತುಂಬಾ ತಡವಾಗಿ ಇಟ್ಟಿದ್ದರೆ, ಅಥವಾ ಎಂಜಿನ್ ಕಟಕಟ ಅಂತ ನಾಕ್ ಮಾಡುತ್ತಿದ್ದರೆ ಹೆಡ್‌ಗೆ ಬೀಳುವ ಬಿಸಿ ಹೆಚ್ಚುತ್ತದೆ.

ಇಷ್ಟೆಲ್ಲ ಆದ ಮೇಲೆ ಆಟೋಕ್ರಾಸ್‌ಗೆ ಹೊಸ ರೇಡಿಯೇಟರ್ ಬೇಕೇ ಬೇಕು ಅನ್ನಿ. ಬೇಕಾಗಬಹುದು, ಇಲ್ಲ ಅನ್ನಲ್ಲ. ಅಲ್ಲಿ ನೀವು ಆ 90 ಕುದುರೆಗಳನ್ನೂ ಲಾಯದಿಂದ ಬಿಡುತ್ತೀರಿ. ಆಗ ಮೊದಲು ನೋಡಬೇಕಾದದ್ದು ಎದುರಿನ ಅಗಲ ಮತ್ತು ಎತ್ತರ. ಟೇಪ್ ಹಿಡಿದು ಕ್ರಾಸ್ ಮೆಂಬರ್‌ಗಳ ನಡುವೆ ಎಷ್ಟು ಜಾಗ ಇದೆ ಅಳೆಯಿರಿ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಮುಖದ ರೇಡಿಯೇಟರ್ ಹುಡುಕಿ. ಮುಖ ಕಾಲು ಭಾಗ ದೊಡ್ಡದಾದರೆ ಹೆಚ್ಚುಕಡಿಮೆ ಅಷ್ಟೂ ಲಾಭ ಸಿಗುತ್ತದೆ. ಸಣ್ಣ ಕಾರುಗಳ ಕೋರ್ ಸಾಮಾನ್ಯವಾಗಿ 16ರಿಂದ 26 ಮಿಲಿಮೀಟರ್ ದಪ್ಪ ಇರುತ್ತದೆ. ನಿಮಗೆ 26ರಿಂದ 32ರವರೆಗೆ ಸರಿ. 40 ದಾಟಬೇಡಿ.

ಎಷ್ಟು ದೊಡ್ಡದು ಬೇಕು ಅಂತ ತಿಳಿಯಲು ನನ್ನದೊಂದು ಸುಲಭ ದಾರಿ ಇದೆ. ನಿಮ್ಮ ಗುರಿಯಷ್ಟೇ ಬಿಎಚ್‌ಪಿಯನ್ನು ಕಂಪನಿಯೇ ಕೊಟ್ಟ ಕಾರು ಯಾವುದು ಅಂತ ನೋಡಿ, ಅದರ ರೇಡಿಯೇಟರ್ ಅಳೆಯಿರಿ. ಮಾರುತಿ ಎಸ್ಟೀಮ್‌ನ ಎಂಪಿಎಫ್‌ಐ ಎಂಜಿನ್ 1,298 ಸಿಸಿ, 85 ಬಿಎಚ್‌ಪಿ, ನಿಮ್ಮ ಝೆನ್ ಎಂಜಿನ್‌ನ ಮನೆತನದ್ದೇ. 2017ರಲ್ಲಿ ಬಂದ ಬಲೆನೊ ಆರ್‌ಎಸ್ 998 ಸಿಸಿ ಟರ್ಬೊದಲ್ಲೇ ನೂರು ಬಿಎಚ್‌ಪಿ ದಾಟಿತ್ತು. ಇವುಗಳನ್ನು ನಮ್ಮ ಬಿಸಿಲಿನಲ್ಲಿ, ಎಸಿ ಹಾಕಿಕೊಂಡು, ಐದು ಜನ ಕೂತು ಓಡಿಸಲೆಂದೇ ಅಳತೆ ಹಾಕಿ ಮಾಡಿರುತ್ತಾರೆ. ಇಂಥದ್ದರಲ್ಲಿ ಒಂದು ನಿಮ್ಮ ಜಾಗಕ್ಕೆ ಬ್ರಾಕೆಟ್ ಬದಲಿಸಿ ಕೂತರೆ, ಅಂದಚಂದದ ಅಂಗಡಿ ಮಾಲಿಗಿಂತ ನಾನು ಅದನ್ನೇ ನಂಬುತ್ತೇನೆ. ನಾಳೆ ಕಲ್ಲು ಬಡಿದು ತೂತಾದರೂ ಇನ್ನೊಂದು ಸಿಗುತ್ತದೆ.

ತಾಮ್ರ ಒಳ್ಳೇದಾ, ಅಲ್ಯೂಮಿನಿಯಮ್ಮಾ ಅಂತ ಜಗಳ ಇದ್ದದ್ದೇ. ಬಿಸಿ ಸಾಗಿಸುವುದರಲ್ಲಿ ತಾಮ್ರ ಮುಂದು ನಿಜ. ಆದರೆ ಹಳೇ ರೇಡಿಯೇಟರ್‌ಗಳಲ್ಲಿ ಫಿನ್ ಮಾತ್ರ ತಾಮ್ರ. ಟ್ಯೂಬ್ ಹಿತ್ತಾಳೆ, ನಡುವೆ ಸೀಸದ ಬೆಸುಗೆ, ಭಾರವೂ ಜಾಸ್ತಿ. ಅಗಲ ಟ್ಯೂಬಿನ ಅಲ್ಯೂಮಿನಿಯಂ ಕೋರ್ ಅದಕ್ಕೆ ಸರಿಸಾಟಿ. ತಾಮ್ರದ ಲಾಭ ಒಂದೇ: ಯಾವ ಊರಿನಲ್ಲಾದರೂ ಬೆಸುಗೆ ಹಾಕುವವರು ಸಿಗುತ್ತಾರೆ. ಅಲ್ಯೂಮಿನಿಯಂಗೆ ಟಿಗ್ ವೆಲ್ಡಿಂಗ್ ಚೆನ್ನಾಗಿ ಬಲ್ಲವರೇ ಬೇಕು.

ಕೊಳ್ಳುವ ಮುಂಚೆ ಪೈಪಿನ ಅಳತೆ ನಿಮ್ಮ ಎಂಜಿನ್ ಹೋಸ್‌ಗೆ ಹೊಂದುತ್ತದಾ, ಫ್ಯಾನ್ ಸ್ವಿಚ್‌ಗೆ ಜಾಗ ಇದೆಯಾ ನೋಡಿ. ಕೂರಿಸಿದಾಗ ಕ್ಯಾಪ್ ಇಡೀ ವ್ಯವಸ್ಥೆಯಲ್ಲೇ ಎತ್ತರದ ಜಾಗದಲ್ಲಿ ಇರಬೇಕು, ಇಲ್ಲದಿದ್ದರೆ ಒಳಗೆ ಗಾಳಿ ಸಿಕ್ಕಿಕೊಳ್ಳುತ್ತದೆ. ಅಂಗಡಿಯವರಿಗೆ ಹೇಳಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಒಂದೂವರೆ ಬಾರ್ ಗಾಳಿ ತುಂಬಿ ತೋರಿಸಲಿ. ಒಂದು ಗುಳ್ಳೆ ಬಂದರೂ ಬೇಡ ಅನ್ನಿ. ಕೂರಿಸುವಾಗ ಕೆಳಗೆ ರಬ್ಬರ್ ಬುಷ್ ಇರಲಿ. ಬಾಡಿಗೆ ಬಿಗಿಯಾಗಿ ಬೋಲ್ಟ್ ಹಾಕಿದರೆ ಅಲುಗಾಟಕ್ಕೆ ಟ್ಯಾಂಕ್ ಬಿರುಕು ಬಿಡುತ್ತದೆ.

ಬೆಟ್ಟ ಹತ್ತಿ ನಿಲ್ಲಿಸಿದ ಕೂಡಲೇ ಎಂಜಿನ್ ಆಫ್ ಮಾಡಬೇಡಿ. ಒಂದು ನಿಮಿಷ ಐಡಲ್‌ನಲ್ಲಿ ಬಿಡಿ. ಕೂಡಲೇ ಆಫ್ ಮಾಡಿದರೆ ಕಾದ ಟರ್ಬೊ ಒಳಗೆ ಆಯಿಲ್ ನಿಂತಲ್ಲೇ ಸುಟ್ಟು ಕರಿ ಕಟ್ಟುತ್ತದೆ.

ಹಾಂ, ಕಾಗದಪತ್ರದ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವ ಹಾಗಿಲ್ಲ. ಟರ್ಬೊ ಹಾಕಿದ ಕಾರನ್ನು ರಸ್ತೆಯಲ್ಲಿ ಓಡಿಸುವ ಮುಂಚೆ ಆರ್‌ಟಿಒ ಕಚೇರಿಯಲ್ಲಿ ಕೇಳಿ. ನಿಮ್ಮ ವಿಮೆಯವರೂ ನಾಳೆ ಇದನ್ನೇ ಕೇಳುತ್ತಾರೆ.

ಫ್ಯಾನ್, ಶ್ರೌಡ್, ಸಂದಿ, ಕ್ಯಾಪ್, ಥರ್ಮೋಸ್ಟಾಟ್, ನೀರು ಎಲ್ಲ ಸರಿ ಮಾಡಿಕೊಂಡು ಒಂದು ವಾರದ ದಿನ ಬೆಳಗ್ಗೆ ಮತ್ತೆ ನಂದಿಗೆ ಹೋಗಿ. ಭಾನುವಾರ ಬೇಡ, ಕಾರುಗಳ ಸಾಲಿನಲ್ಲಿ ಪರೀಕ್ಷೆ ಮಾಡಲು ಆಗಲ್ಲ. ಅರ್ಧ ದಾರಿಯಲ್ಲಿ ಜಾಗ ನೋಡಿ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಓಡುತ್ತಿರಲಿ. ಫ್ಯಾನ್ ಎಷ್ಟು ಹೊತ್ತು ತಿರುಗಿ ತಾನಾಗಿ ನಿಲ್ಲುತ್ತದೆ ನೋಡಿಕೊಳ್ಳಿ. ಎರಡು ಮೂರು ನಿಮಿಷಕ್ಕೆ ನಿಂತರೆ ನಿಮ್ಮ ರೇಡಿಯೇಟರ್ ಸಾಕು. ನಿಲ್ಲದೆ ತಿರುಗುತ್ತಲೇ ಇದ್ದು ಮುಳ್ಳು ಇಳಿಯದಿದ್ದರೆ, ಟೇಪ್ ಹಿಡಿದು ಅಳೆದ ಜಾಗದ ಅಗಲ, ಎತ್ತರ ಬರೆದು ಕಳಿಸಿ. ಯಾವುದು ಕೂರುತ್ತದೆ ಅಂತ ಆಮೇಲೆ ಹೇಳುತ್ತೇನೆ.